ಓದದೆ ಸಹಿ ಹಾಕಿದ ಕಾಗದ

ಚಿಕ್ಕನಾಯಕನಹಳ್ಳಿ
9 ಜೂನ್ 2024

ತಿಪಟೂರಿನ ಕೊಬ್ಬರಿ ವರ್ತಕರಾದ ಶ್ರೀ ತೋಂಟದಾರ್ಯ ಅವರಿಗೆ ನಮಸ್ಕಾರ.

ನಿಮ್ಮ ಇಮೇಲ್ ಬಂತು. ನನ್ನ ಜಾಹೀರಾತಿನಲ್ಲಿ 'ದರ: ತಮಗೆ ತೋಚಿದಷ್ಟು' ಎಂದು ಹಾಕಿದ್ದಕ್ಕೆ ನೀವು ಬೈದಿದ್ದೀರಿ. ಬೈದದ್ದು ಸರಿಯೇ. ಆದರೆ ನಮ್ಮ ಸೀಮೆಯಲ್ಲಿ ಮಾಲು ತಂದವರು ದರ ಹೇಳುವುದನ್ನು ನಾನು ಕಂಡಿಲ್ಲ. ಕೊಬ್ಬರಿ ತಂದವನು ಮಂಡಿಯ ಮುಂದೆ ಚೀಲ ಇಳಿಸಿ ಸುಮ್ಮನೆ ಕೂರುತ್ತಾನೆ, ದರ ಕೊಳ್ಳುವವರ ಬಾಯಿಂದ ಬರುತ್ತದೆ. ನಮ್ಮಣ್ಣ ಎತ್ತಪ್ಪ ಸಂತೆಗೆ ಕುರಿ ಹೊಡೆದುಕೊಂಡು ಹೋದರೂ ಅಷ್ಟೆ. ನಾನೂ ಬರವಣಿಗೆಯನ್ನು ಹಾಗೇ ಇಳಿಸಿ ಕೂತಿದ್ದೆ. ಇನ್ನು ಮುಂದೆ ಪುಟಕ್ಕಿಷ್ಟು ಎಂದು ಹೇಳುತ್ತೇನೆ, ದರದ ಪಟ್ಟಿ ಇದರ ಜೊತೆಗಿದೆ.

ನಾನು ಯಾರು ಎಂದು ಕೇಳಿದ್ದೀರಿ. ನಮ್ಮದು ಹುಳಿಯಾರು ಕಡೆಯ ಒಂದು ಹಟ್ಟಿ. ಕನ್ನಡ ಎಂ.ಎ. ಮಾಡಿಕೊಂಡು ಇಲ್ಲಿನ ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಮಕ್ಕಳು ಕಡಿಮೆಯಾದರು, ನಾನು ಮನೆಗೆ ಬಂದೆ. ಆಮೇಲೆ ಆನ್‌ಲೈನಿನಲ್ಲಿ ಬರೆಯುವ ಕೆಲಸ ಹುಡುಕಿದೆ. ಒಬ್ಬರು ಹೆಸರು ನೋಂದಾಯಿಸಲು ನನ್ನಿಂದಲೇ ದುಡ್ಡು ಕೇಳಿದರು. ಇನ್ನೊಬ್ಬರು ಮಾದರಿ ಲೇಖನ ಎಂದು ತರಿಸಿಕೊಂಡು, ಚೆನ್ನಾಗಿಲ್ಲ ಎಂದು ತಿಳಿಸಿ, ಅದೇ ವಾರ ತಮ್ಮ ವೆಬ್‌ಸೈಟಿನಲ್ಲಿ ಹಾಕಿಕೊಂಡರು. ಕೂದಲೆಣ್ಣೆಯ ಕಂಪನಿಯೊಂದಕ್ಕೆ ತೆಂಗಿನ ಮೇಲೆ ಬರೆದುಕೊಟ್ಟೆ. 'ಕೊಬ್ಬರಿ ಆಗಲು ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಕೂರಬೇಕು' ಎಂಬ ಸಾಲನ್ನು ತೆಗೆದುಹಾಕಿ, ಅಷ್ಟು ಹೊತ್ತು ಓದುಗರು ಕಾಯುವುದಿಲ್ಲ ಎಂದರು. ಅವರು ಮಾತ್ರ ದುಡ್ಡು ಕೊಟ್ಟರು. ಕೊನೆಗೆ ತಾಲ್ಲೂಕಿನ ಫೇಸ್‌ಬುಕ್ ಗುಂಪುಗಳಲ್ಲಿ ನಾನೇ ಜಾಹೀರಾತು ಹಾಕಿಕೊಂಡೆ. 'ಕಾಗ್ದ ಬರ್ಕೊಟ್ರೆ ದುಡ್ಡು ಕೊಡೋರು ಯಾರ್ ಕಣೇ ಅವ್ರು, ಮಾಡಕ್ ಬ್ಯಾರೆ ಕೆಲ್ಸ ಇಲ್ವಾ?' ಎಂದು ನಮ್ಮಮ್ಮ ಕಾಳಕ್ಕ ಕೇಳುತ್ತಿದ್ದಾಳೆ. ಮೊದಲು ಬಂದವರು ನೀವು.

ನಿಮ್ಮ ಮಂಡಿಯ ಪರಿಚಯ ಬರೆಯಲು ನನಗೆ ಬೇಕಾದದ್ದು: ಮಂಡಿಯ ಹೆಸರು ಹೇಗೆ ಬಂತು, ನೋಡಿಕೊಳ್ಳುವವರು ಯಾರು, ನಿಮ್ಮ ಕೊಬ್ಬರಿಯಲ್ಲಿ ಏನು ಹೆಚ್ಚುಗಾರಿಕೆ. ಬಿಡುವಾದಾಗ ತಿಳಿಸಿ.

ಕೆಲಸಕ್ಕೆ ಕಾದಿರುವ
ಕೋಮಲಾ

*

ತಿಪಟೂರು
21 ಜೂನ್ 2024

ಮಾನ್ಯರೇ,

ಮಂಡಿಯ ಹೆಸರು ಸುವರ್ಣ ಟ್ರೇಡರ್ಸ್. ನನ್ನ ಮನೆಯವರು ಸುವರ್ಣಮ್ಮ, ಅವಳ ಹೆಸರೇ ಇಟ್ಟದ್ದು. ಮನೆಯಲ್ಲಿ ನಾನು, ಸುವರ್ಣಮ್ಮ. ಮಹಡಿಯ ಮೇಲೆ ತಮ್ಮನ ಸಂಸಾರ. ಅಂಗಡಿಯಲ್ಲಿ ಕಲ್ಲೇಶ ಎಂಬ ಗುಮಾಸ್ತನಿದ್ದಾನೆ.

ನಮ್ಮ ಸ್ವಂತ ತೋಟದ ಕಾಯಿ ಮನೆಯ ಅಟ್ಟದಲ್ಲೇ ಒಣಗುತ್ತದೆ. ಅಟ್ಟದ ಉಸ್ತುವಾರಿ ಸುವರ್ಣಮ್ಮನದು. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುತ್ತಾಳೆ. ತಪ್ಪಿದ್ದನ್ನು ನಾನು ಕಂಡಿಲ್ಲ. ನನಗೆ ಆ ಸದ್ದು ತಿಳಿಯುವುದಿಲ್ಲ. ನನಗೆ ಗೊತ್ತಿರುವುದು ತೂಕ.

ನೀವು ಹೇಳಿದ ದರ ಒಪ್ಪಿಗೆ. ಮೊದಲೇ ಹೇಳದಿದ್ದರೆ ಕಡಿಮೆ ಹಾಕುತ್ತಿದ್ದೆ. ವ್ಯಾಪಾರಿ.

ಇತಿ,
ತೋಂಟದಾರ್ಯ

*

ಚಿಕ್ಕನಾಯಕನಹಳ್ಳಿ
4 ಜುಲೈ 2024

ಯಜಮಾನರಿಗೆ,

ಮಂಡಿಯ ಪರಿಚಯ ಇದರ ಜೊತೆಗಿದೆ. 'ತೋಂಟದಾರ್ಯ ಮತ್ತು ಸುವರ್ಣಮ್ಮ ಸೇರಿ ಕಟ್ಟಿದ ಮಂಡಿ ಇದು' ಎಂದು ಶುರು ಮಾಡಿದ್ದೇನೆ. ಕಿವಿಗೆ ಹಿಡಿದು ಕಾಯಿ ನೋಡುವ ವಿಷಯ ಎರಡನೇ ಸಾಲಿಗೇ ಬಂದಿದೆ. ಓದಿದವರು ಬೇರೆಲ್ಲ ಮರೆತರೂ ಅದನ್ನು ಮರೆಯಲಾರರು. ಸರಿಯಿದ್ದರೆ ವೆಬ್‌ಸೈಟಿಗೆ ಏರಿಸಲು ಹೇಳಿ.

ಕೋಮಲಾ

*

ತಿಪಟೂರು
30 ಜುಲೈ 2024

ಮಾನ್ಯರೇ,

ಪರಿಚಯ ಏರಿಸಿದ್ದಾಯಿತು. ಕಲ್ಲೇಶ ಗಟ್ಟಿಯಾಗಿ ಓದಿ ಹೇಳಿದ. ಎರಡನೇ ಸಾಲನ್ನು ಇನ್ನೊಮ್ಮೆ ಓದಿಸಿದೆ.

ಇನ್ನೊಂದು ಕೆಲಸವಿದೆ. ನಿಮ್ಮ ಜಾಹೀರಾತಿನಲ್ಲಿ ಖಾಸಗಿ ಪತ್ರವನ್ನೂ ಬರೆದುಕೊಡುವುದಾಗಿ ಇದೆ. ನನ್ನ ಮಗಳಿಗೆ ಒಂದು ಕಾಗದ ಬೇಕು. ಹೆಸರು ಭಾನುಪ್ರಿಯಾ. ತುರುವೇಕೆರೆಯಲ್ಲಿದ್ದಾಳೆ, ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಮುಟ್ಟಬಹುದು. ಆದರೆ ಎರಡು ವರ್ಷದಿಂದ ಮಾತಿಲ್ಲ. ನನಗೆ ಹೇಳದೆ ರಿಜಿಸ್ಟರ್ ಮದುವೆ ಮಾಡಿಕೊಂಡಳು. ಹುಡುಗ ಮಹಾಂತೇಶ, ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಆಗ ಅವಳು ಫೋನ್ ಮಾಡುತ್ತಿದ್ದಳು, ನಾನು ಎತ್ತಲಿಲ್ಲ. ಈಗ ಮಾಡುವುದನ್ನೂ ಬಿಟ್ಟಿದ್ದಾಳೆ.

ಅವಳು ಬರಬೇಕು. ಅಷ್ಟೇ ವಿಷಯ. ನಾನೇ ಬರೆಯಲು ಕೂತರೆ 'ಮಾನ್ಯರೇ' ಎಂದು ಶುರುವಾಗಿ 'ತಮ್ಮ ಪತ್ರ ತಲುಪಿತು' ಎಂದು ಮುಂದುವರಿಯುತ್ತದೆ. ನೀವು ಓದಿದವರು, ಹೆಣ್ಣುಮಗಳು. ಅವಳಿಗೆ ನಾಟುವ ಹಾಗೆ ಬರೆಯಿರಿ.

ಇತಿ,
ತೋಂಟದಾರ್ಯ

*

ಚಿಕ್ಕನಾಯಕನಹಳ್ಳಿ
11 ಆಗಸ್ಟ್ 2024

ಯಜಮಾನರಿಗೆ,

ಕಾಗದ ಕೆಳಗಿದೆ. ಕೊನೆಯಲ್ಲಿರುವ ಮಡಿಲಕ್ಕಿಯ ಮಾತು ನೀವು ಹೇಳಿದ್ದಲ್ಲ, ನಾನು ಸೇರಿಸಿದ್ದು. ತವರಿನಿಂದ ಹೊರಡುವ ಮಗಳ ಸೆರಗಿಗೆ ತಾಯಿ ಅಕ್ಕಿ, ಬೆಲ್ಲ, ಕೊಬ್ಬರಿ ತುಂಬುವುದು ನಿಮ್ಮಲ್ಲೂ ಇದೆ, ನಮ್ಮ ಹಟ್ಟಿಯಲ್ಲೂ ಇದೆ. ರಿಜಿಸ್ಟರ್ ಆಫೀಸಿನಿಂದಲೇ ಗಂಡನ ಮನೆಗೆ ಹೋದವಳಿಗೆ ಅದು ಸಿಕ್ಕಿರಲಾರದು ಎಂದು ಊಹಿಸಿದೆ. ತಪ್ಪಿದ್ದರೆ ತೆಗೆಯಿರಿ. ಕಳಿಸುವ ಮೊದಲು ದಯವಿಟ್ಟು ಓದಿ.

'ಪ್ರೀತಿಯ ಮಗಳೇ ಭಾನು, ಬಾಗಿಲಲ್ಲಿ ಯಾರ ಚಪ್ಪಲಿಯ ಸದ್ದಾದರೂ ನೀನೇ ಬಂದೆಯೇನೋ ಎಂದು ತಲೆ ಎತ್ತುತ್ತೇನೆ. ನಿನ್ನ ಫೋನ್ ಎತ್ತದೆ ಕೂತದ್ದು ನನ್ನ ಹಟ. ಹಟ ಮಾಡಿ ನಾನು ಗೆದ್ದದ್ದು ಏನೂ ಇಲ್ಲ. ಅಳಿಯಂದಿರನ್ನು ಕರೆದುಕೊಂಡು ಮನೆಗೆ ಬಾ. ನಿನ್ನ ಅಮ್ಮ ಮಡಿಲಕ್ಕಿ ಕಟ್ಟಿಟ್ಟುಕೊಂಡು ಕಾದಿದ್ದಾಳೆ. ಬರಿ ಸೆರಗಿನಲ್ಲಿ ಹೋದ ಮಗಳು ಮಡಿಲು ತುಂಬಿಸಿಕೊಂಡು ಹೋಗಬೇಕು. ನಿನ್ನ ಅಪ್ಪ.'

ಬರೆದುಕೊಟ್ಟವಳು
ಕೋಮಲಾ

*

ತುರುವೇಕೆರೆ
26 ಆಗಸ್ಟ್ 2024

ಅಪ್ಪ,

ನಿನ್ನ ಕಾಗದ ಬಂತು. ಮೊದಲು ಓದಿದಾಗ ಅಳು ಬಂತು. ಎರಡನೇ ಸಲ ಓದಿದಾಗ ಮಡಿಲಕ್ಕಿಯ ಸಾಲಿಗೆ ಬಂದು ನಿಂತೆ.

ಅಮ್ಮ ತೀರಿಕೊಂಡು ಮೂರು ವರ್ಷ ಆಯಿತು ಅಪ್ಪ. ಮಡಿಲಕ್ಕಿ ಕಟ್ಟಿಕೊಂಡು ಕಾಯುತ್ತಿರುವುದು ಯಾರು? ಯಾರೋ ತಮಾಷೆಗೆ ಬರೆದಿದ್ದಾರೆ ಅಂದುಕೊಳ್ಳೋಣ ಎಂದರೆ ಕೆಳಗೆ ನಿನ್ನದೇ ಸಹಿ. ಸಹಿಯ ಕೆಳಗೆ ನೀನು ಎಳೆಯುವ ಆ ಗೀಟೂ ಇದೆ. ಮಹಡಿಯ ಮೇಲಿನ ಚಿಕ್ಕಮ್ಮನಿಗೆ ಫೋನ್ ಮಾಡಿ, ಅಪ್ಪ ಹೇಗಿದ್ದಾರೆ ಎಂದು ಕೇಳಿದೆ. 'ಚೆನ್ನಾಗವ್ರೆ ಕಣೇ. ಆದ್ರೆ ಭಾವನೋರು ಈಗ್ಲೂ ಅಕ್ಕನ ತಟ್ಟೆ ದಿನಾ ತೊಳ್ಸಿ ಇಡುಸ್ತಾರೆ. ನಾವು ಏನೂ ಅನ್ನಾಕ್ ಹೋಗಿಲ್ಲ' ಎಂದರು. ಇದನ್ನು ನನಗೆ ಯಾರೂ ಹೇಳಲಿಲ್ಲ.

ಇವರು ತುಮಕೂರಿನಲ್ಲಿ ಡಾಕ್ಟರ ಹತ್ತಿರ ಹೆಸರು ಬರೆಸಿದ್ದಾರೆ. ಮರೆವಿನ ಕಾಯಿಲೆ ಬೇಗ ಗೊತ್ತಾದರೆ ಮಾತ್ರೆಯಲ್ಲಿ ಹಿಡಿತಕ್ಕೆ ತರಬಹುದಂತೆ. ನಿನ್ನ ಮೇಲೆ ಇದ್ದ ಸಿಟ್ಟನ್ನೆಲ್ಲ ಸದ್ಯಕ್ಕೆ ಪಕ್ಕಕ್ಕಿಟ್ಟಿದ್ದೇನೆ. ನಾಳೆಯಿಂದ ಬೆಳಿಗ್ಗೆ ಸಂಜೆ ಫೋನ್ ಮಾಡುತ್ತೇನೆ. ಎತ್ತು. ನಾನು ಯಾರು ಅಂತ ಗೊತ್ತಾಗದಿದ್ದರೂ ಎತ್ತು.

ಭಾನು

*

ತಿಪಟೂರು
5 ಸೆಪ್ಟೆಂಬರ್ 2024

ಮಾನ್ಯರೇ,

ಮಗಳ ಕಾಗದದ ಫೋಟೋ ಇದರ ಜೊತೆ ಕಳಿಸಿದ್ದೇನೆ. ಓದಿ. ಏನು ಮಾಡಿದ್ದೀರಿ ಎಂದು ನಿಮಗೆ ಗೊತ್ತಾಗಲಿ.

ಬೈಯಬೇಕೆಂದು ಕೂತೆ. ಬೈಯಲು ಪೂರ್ತಿ ಹಕ್ಕಿಲ್ಲ ಎಂದು ಆಮೇಲೆ ಅನ್ನಿಸಿತು. ಸುವರ್ಣಮ್ಮ ಇಲ್ಲ ಎಂದು ನಿಮಗೆ ನಾನು ಹೇಳಿರಲಿಲ್ಲ. ಮನೆಯಲ್ಲಿ ಯಾರ್ಯಾರು ಎಂದು ಯಾರು ಕೇಳಿದರೂ ಅವಳ ಹೆಸರು ಬರುತ್ತದೆ, ಬಂತು. ಇನ್ನು ಆ ಇಮೇಲನ್ನಾಗಲಿ ಅದರಲ್ಲಿದ್ದ ಕಾಗದವನ್ನಾಗಲಿ ನಾನು ಓದಲಿಲ್ಲ. ಓದಿದ್ದರೆ ಕಳಿಸುವ ಧೈರ್ಯ ಉಳಿಯುತ್ತಿರಲಿಲ್ಲ. ಕಲ್ಲೇಶ ಪ್ರಿಂಟ್ ತೆಗೆಸಿ ಮಡಿಸಿಕೊಂಡು ತಂದ. ಲಾರಿಯ ಚೀಟಿಗೆ ಹಾಕುವ ಹಾಗೆ ಕೆಳಗೆ ಸಹಿ ಹಾಕಿ ಕೊಟ್ಟೆ.

ಈಗ ಮಗಳು ದಿನಾ ಫೋನ್ ಮಾಡುತ್ತಾಳೆ. 'ಅಪ್ಪ, ಇವತ್ತು ಯಾವ್ ವಾರ ಹೇಳು ನೋಡಣ' ಅಂತಾಳೆ. ಮೊದಲ ದಿನ ಸರಿಯಾಗಿ ಹೇಳಿದೆ, ಬೇಗ ಇಟ್ಟುಬಿಟ್ಟಳು. ಮಾರನೆಯ ದಿನ ಬುಧವಾರವನ್ನು ಗುರುವಾರ ಅಂದೆ. ಬಹಳ ಹೊತ್ತು ಮಾತಾಡಿದಳು. ಚಿಕ್ಕಂದಿನಲ್ಲಿ ಮಂಡಿಯ ತಕ್ಕಡಿಯಲ್ಲಿ ಕೂತು ತೂಗಿಸಿಕೊಳ್ಳುತ್ತಿದ್ದದ್ದು ನೆನಪಿದೆಯಾ ಎಂದು ಕೇಳಿದಳು. ಇಲ್ಲ ಅಂದೆ. ಪೂರ್ತಿ ಹೇಳಿದಳು. ನನಗೆ ಎಲ್ಲ ನೆನಪಿತ್ತು, ಆದರೂ ಕೇಳಿದೆ.

ಅದಕ್ಕೇ ಇನ್ನೊಂದು ಕಾಗದ ಬೇಕು. ಮರೆವು ಸ್ವಲ್ಪ ಹೆಚ್ಚಾದ ಹಾಗೆ ಕಾಣಬೇಕು. ತೀರಾ ಹೆಚ್ಚು ಬೇಡ, ಆಸ್ಪತ್ರೆಗೆ ಸೇರಿಸಿಯಾರು. ದೀಪಾವಳಿಗೆ ಅವಳು ಬಂದು ಹೋಗುವವರೆಗೆ ಸಾಕು. ದರ ನೀವು ಹೇಳಿದ್ದೇ.

ಇತಿ,
ತೋಂಟದಾರ್ಯ

*

ಚಿಕ್ಕನಾಯಕನಹಳ್ಳಿ
9 ಸೆಪ್ಟೆಂಬರ್ 2024

ಯಜಮಾನರಿಗೆ,

ನಿಮ್ಮ ಮಗಳ ಕಾಗದ ಓದಿದೆ. ತಾಯಿ ಇದ್ದಾರೋ ಇಲ್ಲವೋ ಎಂದು ಒಂದು ಮಾತು ಕೇಳದೆ ಕಾಗದದಲ್ಲಿ ಕೂರಿಸಿಬಿಟ್ಟೆ. ಬಹಳ ನೋವಾಗಿದೆ. ಆ ಕಾಗದಕ್ಕೆ ಕೊಟ್ಟ ಹಣ ವಾಪಸು ಹಾಕಿದ್ದೇನೆ.

ನೀವು ಕೇಳಿದ ಎರಡನೆಯದನ್ನು ನಾನು ಬರೆಯುವುದಿಲ್ಲ. ಬರೆಯಲು ಬಾರದೆಂದಲ್ಲ. ಮರೆವಿನ ಅಪ್ಪನನ್ನು ಬರೆಯುವುದು ನನಗೆ ಸುಲಭ, ನೀವು ಮೆಚ್ಚುವ ಹಾಗೇ ಬರುತ್ತದೆ. ಆದರೆ ನಿಮ್ಮ ಮಗಳು ಈಗ ಮಾತಾಡುತ್ತಿರುವುದು ಕಾಯಿಲೆಯವರ ಜೊತೆ, ನಿಮ್ಮ ಜೊತೆ ಅಲ್ಲ. ಸಿಟ್ಟನ್ನು ಪಕ್ಕಕ್ಕಿಟ್ಟಿದ್ದೇನೆ ಎಂದಿದ್ದಾರೆ, ಬಿಟ್ಟಿದ್ದೇನೆ ಎಂದಿಲ್ಲ. ತುಮಕೂರಿನ ಡಾಕ್ಟರು ನಿಮಗೇನೂ ಆಗಿಲ್ಲ ಎಂದ ದಿನ ಅದನ್ನು ಮತ್ತೆ ಕೈಗೆ ತೆಗೆದುಕೊಳ್ಳುತ್ತಾರೆ. ಆಗ ಅವರನ್ನು ಕರೆಯಲು ನಿಮ್ಮ ಹತ್ತಿರವೂ ಮಾತಿರುವುದಿಲ್ಲ, ನನ್ನ ಹತ್ತಿರವೂ ಇರುವುದಿಲ್ಲ.

ನಿಜ ಹೇಳಿದರೂ ಬಾರದೆ ಹೋಗಬಹುದು. ಬರುತ್ತಾರೆ ಎಂದು ನಾನು ಭರವಸೆ ಕೊಡುವುದಿಲ್ಲ. ಆದರೆ ಈ ಸಲದ ಕಾಗದ ನಿಮ್ಮ ಕೈಯಲ್ಲೇ ಬರೆದದ್ದಾಗಿರಲಿ. 'ಮಾನ್ಯರೇ' ಎಂದು ಬಂದರೆ ಹೊಡೆದು ಹಾಕಿ ಮುಂದಕ್ಕೆ ಹೋಗಿ. ನಮ್ಮಮ್ಮನಿಗೆ ವಿಷಯ ಹೇಳಿದೆ. 'ಸತ್ತೋರ್ ಕೈಲಿ ಮಡ್ಲಕ್ಕಿ ಕಟ್ಸಿದ್ಯಲ್ಲೇ, ಇನ್ನು ಇರೋ ಅಪ್ಪುನ್ ಬುದ್ಧಿ ಬ್ಯಾರೆ ಕೆಡುಸ್ಬೇಕಾ? ಬುಡು ಅತ್ಲಾಗೆ' ಎಂದಳು.

ಮಂಡಿಯ ಪರಿಚಯದಲ್ಲಿ ಸುವರ್ಣಮ್ಮನವರ ಹೆಸರಿರುವ ಸಾಲುಗಳನ್ನು ನಾನು ಮುಟ್ಟಿಲ್ಲ. ನೀವಾಗಿ ಹೇಳುವ ತನಕ ಮುಟ್ಟುವುದೂ ಇಲ್ಲ. ನನ್ನ ಕೆಲಸದ ಬಗ್ಗೆ ಫೇಸ್‌ಬುಕ್ ಗುಂಪಿನಲ್ಲಿ ನಾಲ್ಕು ಮಾತು ಕೆಟ್ಟದಾಗಿ ಬರೆಯಬೇಕೆನಿಸಿದರೆ ಬರೆಯಿರಿ, ನಾನು ವಾದಿಸುವುದಿಲ್ಲ.

ಕೋಮಲಾ

*

ತಿಪಟೂರು
20 ಸೆಪ್ಟೆಂಬರ್ 2024

ಭಾನು,

ನನ್ನ ತಲೆ ಸರಿಯಾಗಿದೆ. ಇವತ್ತು ಶುಕ್ರವಾರ. ತುಮಕೂರಿನಲ್ಲಿ ಬರೆಸಿದ ಹೆಸರನ್ನು ತೆಗೆಸು.

ಮೊದಲ ಕಾಗದ ನಾನು ಬರೆದದ್ದಲ್ಲ. ಆನ್‌ಲೈನಿನಲ್ಲಿ ದುಡ್ಡು ಕೊಟ್ಟರೆ ಬರೆದುಕೊಡುವವರಿದ್ದಾರೆ, ಚಿಕ್ಕನಾಯಕನಹಳ್ಳಿಯ ಒಬ್ಬ ಹೆಣ್ಣುಮಗಳಿಂದ ಬರೆಸಿದೆ. ಅಮ್ಮ ಇಲ್ಲವೆಂದು ಆಕೆಗೆ ನಾನು ಹೇಳಿರಲಿಲ್ಲ. ಓದದೆ ಸಹಿ ಹಾಕಿದೆ. ಆಮೇಲೆ ನೀನು ಫೋನ್ ಮಾಡತೊಡಗಿದ ಮೇಲೆ ವಾರ ತಪ್ಪಿ ಹೇಳಿದ್ದು ಬೇಕೆಂದೇ. ತಕ್ಕಡಿಯ ವಿಷಯ ನಾನು ಮರೆತಿಲ್ಲ. ನೀನು ಇಳಿಯುತ್ತಿರಲಿಲ್ಲ, ಬೆಲ್ಲ ಕೊಟ್ಟು ಇಳಿಸಬೇಕಿತ್ತು.

ತಟ್ಟೆ ತೊಳೆಸಿ ಇಡಿಸುವುದು ನಿಜ. ಅವಳಿಲ್ಲ ಎಂದು ಗೊತ್ತಿದ್ದೇ ಇಡಿಸುತ್ತೇನೆ. ಅದು ಕಾಯಿಲೆ ಅಲ್ಲ.

ನೀನು ಮದುವೆಯಾದಾಗ ಅವಳು ಹೋಗಿ ವರ್ಷ ತುಂಬಿರಲಿಲ್ಲ. ನನ್ನ ಸಿಟ್ಟು ಅದಕ್ಕೆ. ಮೋಟರ್ ಕೆಲಸದ ಹುಡುಗ ಅಂತ ಅಲ್ಲ. ಊರಿನವರು ಹಾಗೆ ಅಂದುಕೊಂಡರು, ನಾನು ಸುಮ್ಮನಿದ್ದೆ. ಸುಮ್ಮನಿರಬಾರದಿತ್ತು.

ಇದನ್ನು ಓದಿದ ಮೇಲೆ ನೀನು ಫೋನ್ ಮಾಡುವುದನ್ನು ನಿಲ್ಲಿಸುತ್ತೀಯ ಎಂದು ಹೆದರಿಕೆ ಇದೆ. ನಿಲ್ಲಿಸಬೇಡ. ಆ ಕಾಗದವನ್ನು ಈಗ ಓದಿದೆ. ಅಮ್ಮನ ಮಾತೊಂದು ಬಿಟ್ಟು ಉಳಿದದ್ದೆಲ್ಲ ನಿಜ ಇದೆ.

ಅಪ್ಪ

*

ತುರುವೇಕೆರೆ
18 ಅಕ್ಟೋಬರ್ 2024

ಅಪ್ಪ,

ಇಷ್ಟು ದಿನ ಫೋನ್ ಮಾಡದೆ ಇದ್ದದ್ದು ಬೇಕೆಂದೇ. ನೀನು ಎತ್ತದೆ ಕೂತಿದ್ದಾಗ ನನಗೆ ಹೇಗಾಗಿತ್ತು ಎಂದು ನಿನಗೂ ಗೊತ್ತಾಗಲಿ ಅಂತ.

ನನಗೆ ಬಹಳ ಸಿಟ್ಟು ಬಂದಿತ್ತು. ನಿನಗೆ ಕಾಯಿಲೆ ಅಂದುಕೊಂಡು ಅತ್ತಿದ್ದೇನೆ. ಇವರ ಹತ್ತಿರ ನಿನ್ನ ಕಾಗದ ತೋರಿಸಿ, ನೋಡ್ರೀ ಇದು, ಮಗಳನ್ನ ಕರೆಯೋದಕ್ಕೂ ಕೂಲಿ ಆಳು ಬೇಕಾಯಿತು ಅಂದೆ. ಇವರು ಓದಿ, 'ಮೊದ್ಲುದ್ರಲ್ಲಿ ಒಂದೂ ಅಕ್ಷರದ್ ತಪ್ಪಿಲ್ಲ ಕಣೇ, ಇದ್ರಲ್ಲಿ ಮೇಲ್ಗಡೆನೇ ಮಾನ್ಯರೇ ಅಂತ ಬರ್ದು ಹೊಡ್ದಾಕವ್ರೆ ನೋಡು' ಅಂದರು. ನಾನು ನೋಡಿರಲಿಲ್ಲ. ಆಮೇಲೆ ನಗು ಬಂತು.

ವರ್ಷ ತುಂಬುವ ಮೊದಲು ಯಾಕೆ ಮದುವೆಯಾದೆ ಎಂದು ನೀನು ಒಂದು ಸಲವೂ ಕೇಳಲಿಲ್ಲ. ವರ್ಷ ತುಂಬಿದರೆ ನೀನು ಚಪ್ಪರ ಹಾಕಿಸುತ್ತಿದ್ದೆ. ಊರೆಲ್ಲ ಸೇರಿದ ಚಪ್ಪರದಲ್ಲಿ ಅಮ್ಮ ನಿಲ್ಲಬೇಕಾದ ಜಾಗದಲ್ಲಿ ಇನ್ಯಾರೋ ನಿಂತು ನನ್ನ ಮಡಿಲು ತುಂಬುತ್ತಿದ್ದರು. ಅದನ್ನು ನೋಡುವ ಶಕ್ತಿ ನನಗಿರಲಿಲ್ಲ. ರಿಜಿಸ್ಟರ್ ಆಫೀಸಿನಲ್ಲಾದರೆ ಯಾರೂ ಯಾರ ಜಾಗದಲ್ಲೂ ನಿಲ್ಲುವುದಿಲ್ಲ. ಅಷ್ಟೇ ಕಾರಣ.

ದೀಪಾವಳಿ ಆದ ಮೇಲಿನ ಭಾನುವಾರ ಬರುತ್ತೇವೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದಕ್ಕಲ್ಲ.

ಭಾನು

*

ತಿಪಟೂರು
12 ನವೆಂಬರ್ 2024

ಕೋಮಲಮ್ಮನವರಿಗೆ,

ಮಗಳು, ಅಳಿಯ ಬಂದು ಹೋದರು. ನಿಮಗೆ ತಿಳಿಸಬೇಕಾದದ್ದು ಧರ್ಮ.

ಮಡಿಲಕ್ಕಿಗೆ ಎಲ್ಲ ತರಿಸಿಟ್ಟಿದ್ದೆ. ಕೊಬ್ಬರಿ ಮಾತ್ರ ಅಂಗಡಿಯದು ಬೇಡ, ಅಟ್ಟದ್ದೇ ಇರಲಿ ಎಂದು ನಾನೇ ಏಣಿ ಹತ್ತಿದೆ. ಕಾಯಿಗಳನ್ನು ಒಂದೊಂದಾಗಿ ಕಿವಿಗೆ ಹಿಡಿದು ಅಲ್ಲಾಡಿಸಿದೆ. ಎಲ್ಲ ಒಂದೇ ಥರ ಕೇಳಿಸಿದವು. ಮಗಳು ಕೆಳಗಿನಿಂದ, 'ಇತ್ಲಾಗ್ ಕೊಡಪ್ಪ' ಎಂದು ಕೈ ಚಾಚಿದಳು. ಮೂರ್ನಾಲ್ಕು ಅಲ್ಲಾಡಿಸಿ ಒಂದನ್ನು ಇಟ್ಟುಕೊಂಡಳು. ಸುಲಿಸಿ ಒಡೆಸಿದೆ. ಕೊಬ್ಬರಿ ಚೆನ್ನಾಗಿ ಬಿಟ್ಟುಕೊಂಡಿತ್ತು. ಅವಳಿಗೆ ಆ ಸದ್ದು ತಿಳಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಹೊರಡುವ ಹೊತ್ತಿಗೆ ತಮ್ಮನ ಹೆಂಡತಿ ಸರ್ವಮಂಗಳ ಮೊರ ಹಿಡಿದುಕೊಂಡು ಬಂದಳು. ಭಾನು ಸೆರಗು ಒಡ್ಡಲಿಲ್ಲ. 'ಸಹಿ ಹಾಕಿದ್ದು ಅಪ್ಪ, ಅಪ್ಪನೇ ತುಂಬ್ಲಿ' ಅಂದಳು. 'ಗಂಡುಸ್ರು ಮಡ್ಲು ತುಂಬ್ತಾರೇನೇ, ಎಲ್ಲಾದ್ರೂ ಉಂಟಾ?' ಎಂದು ಸರ್ವಮಂಗಳ ಕೇಳಿದಳು. 'ಇಲ್ದಿದ್ರೆ ಇವತ್ತಿಂದ ಆಗ್ಲಿ ಬುಡಿ ಚಿಕ್ಕಮ್ಮ' ಅಂದಳು. ಅಳಿಯ ಬಾಗಿಲಿನ ಕಡೆ ತಿರುಗಿ ನಿಂತುಕೊಂಡರು.

ತುಂಬಿದೆ. ಇಷ್ಟು ವರ್ಷ ತೂಕ ಹಿಡಿದ ಕೈ, ಬೊಗಸೆ ತಪ್ಪಿ ಅಕ್ಕಿ ನೆಲಕ್ಕೂ ಬಿತ್ತು. ಭಾನು ನಗುತ್ತಾ ಅಳುತ್ತಾ ಆಯ್ದುಕೊಂಡು ಸೆರಗಿಗೇ ಹಾಕಿಕೊಂಡಳು. ಒಂದು ಕಾಳೂ ಬಿಡಲಿಲ್ಲ. ಅದರಿಂದ ಬಸ್ಸು ತಪ್ಪಿತು. ರಾತ್ರಿ ಇಲ್ಲೇ ಉಳಿದರು. ಊಟಕ್ಕೆ ತಟ್ಟೆ ಸಾಲದೆ ಬಂದಾಗ ಸುವರ್ಣಮ್ಮನ ತಟ್ಟೆಯನ್ನು ಭಾನುಗೆ ಹಾಕಿದೆ. ಉಂಡಳು.

ಕೊಬ್ಬರಿ ವರ್ತಕರಲ್ಲಿ ನಿಮ್ಮ ವಿಳಾಸವನ್ನು ಮೂರ್ನಾಲ್ಕು ಜನರಿಗೆ ಕೊಟ್ಟಿದ್ದೇನೆ. ದರ ಮೊದಲೇ ಹೇಳಿ.

ಇನ್ನು ಕೆಲಸದ ವಿಷಯ. ಮಂಡಿಯ ಪರಿಚಯದಲ್ಲಿ ಒಂದು ತಿದ್ದುಪಡಿ ಇದೆ. ಮೊದಲ ಸಾಲಿನಲ್ಲಿ ಸುವರ್ಣಮ್ಮನ ಹೆಸರಿನ ಮುಂಚೆ 'ದಿವಂಗತ' ಎಂದು ಸೇರಿಸಿ. ಹೆಸರು ತೆಗೆಯಬೇಡಿ. ಸೇರಿಸಿದ ಮೇಲೆ ನನಗೆ ಕಳಿಸಿ. ಈ ಸಲ ಓದಿ ಸಹಿ ಹಾಕುತ್ತೇನೆ.

ಇತಿ,
ತೋಂಟದಾರ್ಯ